ನಲವತ್ತೆರಡೋ ನಲವತ್ತೆಂಟೋ?

"ಈ ಸಲ ಆ ಕ್ಲಿಫ್‌ನ ಛಾವಣಿ ಮೇಲೆ ಕಾಲಿಟ್ಟರೆ ನನ್ನ ಹೆಸರು ಡ್ಯಾರೆಲ್ ಕೆಂಪೈನೆನ್ ಅಲ್ಲ!"

ಬೆಳಗಿನ ಕಾಫಿ ಮುಂದಿಟ್ಟುಕೊಂಡು ಡ್ಯಾರೆಲ್ ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದಾಗ ಹೆಂಡತಿ ಲೋರ್ನಾ ಪಾಸ್ಟಿಗೆ, ಅಂದರೆ ಮಾಂಸ ಆಲೂಗಡ್ಡೆ ತುಂಬಿದ ಕಡುಬಿಗೆ, ಹಿಟ್ಟು ಲಟ್ಟಿಸುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಹೋದ ವರ್ಷಾನೂ ಇದೇ ಹೆಸರು ಬಿಟ್ಟಿದ್ರಲ್ಲ. ಮತ್ತೆ ಯಾವಾಗ ವಾಪಸ್ ತಗೊಂಡ್ರಿ?" ಎಂದಳು.

ಸುಪೀರಿಯರ್ ಸರೋವರದ ದಂಡೆಯ ಆ ಊರಲ್ಲಿ ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲ್‌ವರೆಗೆ ಏಳುವುದಿಲ್ಲ. ಛಾವಣಿ ಮೇಲೆ ಕೂತದ್ದನ್ನು ಆಗಾಗ ಎತ್ತಿ ಹಾಕದಿದ್ದರೆ ಮನೆಯೇ ಕೂತುಬಿಡುತ್ತದೆ. ಅದಕ್ಕೇ ಡ್ಯಾರೆಲ್‌ಗೂ ಅವನ ಭಾವಮೈದ ಕ್ಲಿಫ್‌ಗೂ ಒಂದು ಪಂದ್ಯ. ಜನವರಿಯ ಗುಡ್ಡದ ಓಟದಲ್ಲಿ ಯಾರ ಹಿಮಗಾಡಿ ಹಿಂದೆ ಬೀಳುತ್ತದೋ ಅವನು ಆ ವರ್ಷವಿಡೀ ಎರಡೂ ಮನೆಗಳ ಛಾವಣಿಯ ಹಿಮ ಬಳಿದು ಹಾಕಬೇಕು. ಮೂರು ವರ್ಷದಿಂದ ಬಳಿಯುತ್ತಿರುವವನು ಡ್ಯಾರೆಲ್. ಕ್ಲಿಫ್‌ನ ಮನೆಗೊಂದು, ಗ್ಯಾರೇಜಿಗೊಂದು, ಸೌನಾದ ಬಿಸಿಕೋಣೆಗೊಂದು, ಒಟ್ಟು ಮೂರು ಛಾವಣಿ! ಮೇಲೆ ಇವನು ಸೊಂಟ ಹಿಡಿದುಕೊಂಡು ಹಿಮ ತಳ್ಳುತ್ತಿದ್ದರೆ ಕೆಳಗೆ ಕಿಟಕಿಯಲ್ಲಿ ಕ್ಲಿಫ್ ಕಾಫಿ ಲೋಟ ಎತ್ತಿ, "ಭಾವಾ, ಮೂಲೇಲಿ ಸ್ವಲ್ಪ ಉಳೀತು ನೋಡು!" ಎನ್ನುತ್ತಿದ್ದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನಿರಲಿಲ್ಲ. ಡ್ಯಾರೆಲ್‌ನ ಹೊಟ್ಟೆ ಉರಿಯುತ್ತಿದ್ದುದೂ ಅದಕ್ಕೇ.

ಇಬ್ಬರದೂ ಒಂದೇ ಕಂಪನಿಯ, ಒಂದೇ ವರ್ಷದ ಗಾಡಿ. ಹಾಗಾದರೆ ಸೋಲು ಏಕೆ? "ಓಡಿಸೋರಿಂದ," ಎಂದು ಲೋರ್ನಾ ಹೇಳುತ್ತಿದ್ದಳು. "ಹೆಲಿಕ್ಸಿನಿಂದ!" ಎಂದು ಡ್ಯಾರೆಲ್ ಗುಡುಗುತ್ತಿದ್ದ.

ಹೆಲಿಕ್ಸ್ ಅಂದರೆ ಕ್ಲಚ್‌ನೊಳಗೆ ಕೂರುವ ಅಂಗೈಯಗಲದ ಲೋಹದ ಬಳೆ. ಅದರ ಮೈಮೇಲೆ ಸುರುಳಿಯಾಗಿ ಏರುವ ದಾರಿಯೊಂದಿದೆ. ಆ ದಾರಿ ಕಡಿದಾಗಿದ್ದರೆ ಗಾಡಿ ಬೇಗ ಮೇಲಿನ ಗೇರಿಗೆ ಹಾರಿ, ಗುಡ್ಡದಲ್ಲಿ ಎಂಜಿನ್ನಿನ ಉಸಿರು ಕಟ್ಟುತ್ತದೆ. ಓರೆ ಕಡಿಮೆಯಿದ್ದರೆ ಎಂಜಿನ್ ಕಿರುಚಿಕೊಂಡು ಗುಡ್ಡ ಏರುತ್ತದೆ. ಡ್ಯಾರೆಲ್ ಹಳೇ ಸಾಮಾನಿನ ಸಂತೆಯಲ್ಲಿ ಎರಡು ಹೆಲಿಕ್ಸ್ ತಂದಿದ್ದ. ಕೆತ್ತಿದ್ದ ಅಂಕಿಗಳು ಸವೆದು ಹೋಗಿದ್ದವು. "ಒಂದು ನಲವತ್ತೆರಡು ಡಿಗ್ರಿ, ಇನ್ನೊಂದು ನಲವತ್ತೆಂಟು. ಯಾವುದು ಯಾವುದು ಅಂತ ಮಾತ್ರ ನನ್ನ ಕೇಳಬೇಡ," ಎಂದು ಮಾರಿದವನು ಪ್ರಾಮಾಣಿಕವಾಗಿ ಹೇಳಿದ್ದ. ಡ್ಯಾರೆಲ್‌ಗೆ ಬೇಕಿದ್ದದ್ದು ಓರೆ ಕಡಿಮೆಯಿರುವ ನಲವತ್ತೆರಡು.

ಗ್ಯಾರೇಜಿನಲ್ಲಿ ಕೈ ಮರಗಟ್ಟುವ ಚಳಿ. ಹಾಗಾಗಿ ಕ್ಲಚ್ಚಿನ ಸವಾರಿ ಅಡುಗೆಮನೆಯ ಮೇಜಿಗೇ ಬಂತು.

"ಇದು ಊಟದ ಮೇಜು ಕಣ್ರೀ!"

"ಇವತ್ತು ಇದು ಪ್ರಯೋಗಶಾಲೆ!"

ವಿಜ್ಞಾನಿ ಮೂರು ಬೋಲ್ಟು ಬಿಚ್ಚಿದ. ಒಳಗೆ ಬಿಗಿಯಾಗಿ ಸುತ್ತಿಕೊಂಡಿದ್ದ ಸ್ಪ್ರಿಂಗನ್ನು ಕೈಯಲ್ಲಿ ಅದುಮಿ ಹಿಡಿಯಬೇಕೆಂಬುದು ಅವನಿಗೆ ಗೊತ್ತಿತ್ತು. ನೆನಪಾಗಿದ್ದು ಮಾತ್ರ ಅದು ಹಾರಿದ ಮೇಲೆ! ಢಣ್ ಎಂದು ಚಿಮ್ಮಿದ ಸ್ಪ್ರಿಂಗು ಮೇಲಿನ ಹಲಗೆಯಲ್ಲಿದ್ದ ಬೀಟ್‌ರೂಟ್ ಉಪ್ಪಿನಕಾಯಿಯ ಜಾಡಿಗೆ ಗುರಿಯಿಟ್ಟು ಹೊಡೆಯಿತು. ಜಾಡಿ ಒಡೆದು ಅಷ್ಟೂ ರಸ ಡ್ಯಾರೆಲ್‌ನ ನೆತ್ತಿಗೇ ಅಭಿಷೇಕವಾಯಿತು.

ಲೋರ್ನಾ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಈಗ ಹೆಸರಿಗೆ ತಕ್ಕ ಹಾಗೆ ಕೆಂಪಾದ್ರಿ ನೋಡಿ, ಕೆಂಪೈನೆನ್!"

ಕೆಂಪಣ್ಣ ಹಿಂಜರಿಯುವ ಜಾತಿಯವನಲ್ಲ. ಮುಖ ಒರೆಸಿಕೊಂಡು, ಲೋರ್ನಾ ಪಾಸ್ಟಿ ಬೇಯಿಸಲು ತಟ್ಟೆಗೆ ಹಾಸುವ ಕಾಗದದ ಸುರುಳಿಗೆ ಕೈಹಾಕಿದ. ಡಬ್ಬಿಯ ಹಲ್ಲಿನ ಅಂಚಿಗೆ ಎಳೆದು ಎರಡು ಉದ್ದನೆಯ ಪಟ್ಟಿ ಹರಿದ. ಒಂದೊಂದನ್ನು ಒಂದೊಂದು ಹೆಲಿಕ್ಸಿಗೆ ಸುತ್ತಿ, ಏರುದಾರಿಯ ಗುಂಟ ಪೆನ್ಸಿಲಿನಿಂದ ಗೆರೆ ಎಳೆದು, ಬಿಚ್ಚಿ ಮೇಜಿನ ಮೇಲೆ ಹರಡಿದ. ಈಗ ಅಂಚಿಗೂ ಗೆರೆಗೂ ನಡುವಿನ ಕೋನ ಅಳೆದರಾಯಿತು. ಅಳೆಯಲು ಲೋರ್ನಾ ಕೌದಿ ಹೊಲಿಯುವಾಗ ಬಳಸುವ ಕೋನದ ಸ್ಕೇಲು ಇದ್ದೇ ಇತ್ತು.

ಪಟ್ಟಿಯ ಉದ್ದನೆಯ ಅಂಚು ಹರಿದು ಗರಗಸದಂತಿತ್ತು. ಗಿಡ್ಡ ಅಂಚು ಮಾತ್ರ ಕಾರ್ಖಾನೆಯಲ್ಲಿ ಕತ್ತರಿಸಿದ್ದು, ನೇರವಾಗಿತ್ತು. ಅಚ್ಚುಕಟ್ಟಿನ ಮನುಷ್ಯ ಡ್ಯಾರೆಲ್ ಅಚ್ಚುಕಟ್ಟಾದ ಅಂಚಿಗೇ ಸ್ಕೇಲು ಇಟ್ಟ.

ಲೋರ್ನಾ ಬಗ್ಗಿ ನೋಡಿದಳು. "ರೀ, ಉದ್ದದ ಅಂಚಿಂದ ಅಳೀಬೇಕಲ್ವಾ?"

"ಕೋನ ಯಾವ ಅಂಚಿಂದ ಅಳೆದರೂ ಕೋನವೇ!"

"ಮೂವತ್ತು ವರ್ಷದಿಂದ ಕೌದಿಗೆ ತ್ರಿಕೋನ ಕತ್ತರಿಸ್ತಿದೀನಿ. ಅಂಚು ತಪ್ಪಿದ್ರೆ ಕೌದಿಯೇ ಸೊಟ್ಟ."

"ಇದು ಯಂತ್ರಶಾಸ್ತ್ರ ಕಣೇ, ಕೌದಿ ಅಲ್ಲ."

"ಹೋಗ್ಲಿ, ಎರಡು ಹೆಲಿಕ್ಸನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ನನ್ನ ಕಣ್ಣಿಗೆ ಎಡಗಡೇದೇ ಹೆಚ್ಚು ಕಡಿದಾಗಿ ಕಾಣತ್ತೆ."

"ಕಣ್ಣು ಮೋಸ ಮಾಡತ್ತೆ. ಅಳತೆ ಮಾಡಲ್ಲ!" ಎಂದು ಡ್ಯಾರೆಲ್ ಎಡಗಡೆಯದರ ಪಟ್ಟಿಯನ್ನು ಎತ್ತಿ ಹಿಡಿದು ಘೋಷಿಸಿದ. "ಇದು ನಲವತ್ತೆರಡು! ನನ್ನ ಗಾಡಿಗೆ! ಬಲಗಡೇದು ನಲವತ್ತೆಂಟು!"

ಲೋರ್ನಾ ಮತ್ತೆ ಲಟ್ಟಣಿಗೆ ಹಿಡಿದಳು. ಕಟ್ಟಿಕೊಂಡವನಿಗೆ ಮೂರು ಸಲಕ್ಕಿಂತ ಹೆಚ್ಚು ಬುದ್ಧಿ ಹೇಳಬಾರದೆಂಬುದು ಅವಳ ನಿಯಮ.

ಇಲ್ಲಿಗೆ ನಿಲ್ಲಿಸಿದ್ದರೆ ಒಂದು ಸೋಲಿನಲ್ಲಿ ಮುಗಿಯುತ್ತಿತ್ತು. ಆದರೆ ಗೆಲುವಿನ ವಾಸನೆ ಮೂಗಿಗೆ ಬಡಿದವನಿಗೆ ನಿಲ್ಲುವುದೆಂದರೇನೆಂದು ಗೊತ್ತಿರುವುದಿಲ್ಲ. ಡ್ಯಾರೆಲ್ ಎಂಜಿನ್ನಿನ ಉಸಿರು ಕಟ್ಟಿಸುವ ಆ ಬಲಗಡೆಯದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಸೀದಾ ಕ್ಲಿಫ್‌ನ ಮನೆಗೆ ನಡೆದ.

"ತಗೋ ಕ್ಲಿಫ್. ನನ್ನ ಹತ್ತಿರ ಎರಡಿತ್ತು. ಹಾಕ್ಕೊಂಡು ನೋಡು."

ಕ್ಲಿಫ್‌ನ ಕಣ್ಣು ಅರಳಿತು. "ಎಷ್ಟು ಡಿಗ್ರಿ ಭಾವ?"

"ಗುಡ್ಡಕ್ಕೆ ಎಷ್ಟು ಬೇಕೋ ಅಷ್ಟು!"

"ನಾಳೆ ಓಟ, ಇವತ್ತು ನಂಗೆ ಸಾಮಾನು ಕೊಡ್ತಿದೀಯಲ್ಲ! ಎಂಥ ದೊಡ್ಡ ಮನಸ್ಸು ಭಾವ ನಿಂದು!"

ಹಿಂದಿರುಗುವ ದಾರಿಯುದ್ದಕ್ಕೂ ಡ್ಯಾರೆಲ್ ಶಿಳ್ಳೆ ಹಾಕಿದ. ಒಂದು ಚಿಕ್ಕ ಮುಳ್ಳು ಎದೆಯೊಳಗೆ ಚುಚ್ಚಿದ್ದು ನಿಜ. ಮೂರು ಛಾವಣಿ ನೆನಪಾದೊಡನೆ ಅದೂ ಮಾಯವಾಯಿತು.

ಮರುದಿನ ಊರಿಗೆ ಊರೇ ಗುಡ್ಡದ ಬುಡದಲ್ಲಿ ಸೇರಿತ್ತು. ಬಾವುಟ ಬಿತ್ತು. ಡ್ಯಾರೆಲ್ ಆಕ್ಸಿಲರೇಟರನ್ನು ಕೊನೆಯವರೆಗೂ ಒತ್ತಿದ. ಗಾಡಿ ಎರಡು ಮಾರು ಹಾರಿ, ಏರು ಸಿಕ್ಕಿದ್ದೇ ತಡ, ಹೊಟ್ಟೆ ತುಂಬ ಉಂಡ ಎಮ್ಮೆಯ ಹಾಗೆ ಗೊರ್ರೆನ್ನುತ್ತಾ ನಿಧಾನವಾಯಿತು. ಪಕ್ಕದಲ್ಲಿ ಕ್ಲಿಫ್‌ನ ಗಾಡಿ ಕಿರ್ರೆಂದು ಕಿರುಚಿ, ಹಿಮವನ್ನೆಲ್ಲ ಡ್ಯಾರೆಲ್‌ನ ಮುಖಕ್ಕೆ ಎರಚಿ, ಗುಡ್ಡದ ನೆತ್ತಿ ದಾಟಿ ಕಣ್ಮರೆಯಾಯಿತು. ಅರ್ಧ ಗುಡ್ಡದಲ್ಲಿ ಹೂತು ಕೂತ ಡ್ಯಾರೆಲ್ ಬೆರಳು ಮಡಚಿ ಲೆಕ್ಕ ಹಾಕಿದ. ತೊಂಬತ್ತರಲ್ಲಿ ನಲವತ್ತೆರಡು ಕಳೆದರೆ ನಲವತ್ತೆಂಟು. ತೊಂಬತ್ತರಲ್ಲಿ ನಲವತ್ತೆಂಟು ಕಳೆದರೆ... ಅಯ್ಯೋ ದೇವರೇ! ಉದ್ದದ ಅಂಚು ಬಿಟ್ಟು ಗಿಡ್ಡ ಅಂಚಿನಿಂದ ಅಳೆದು, ಅದನ್ನು ಇದು ಮಾಡಿ, ಇದನ್ನು ಅದು ಮಾಡಿ, ಬಂಗಾರದಂಥ ನಲವತ್ತೆರಡನ್ನು ಕೈಯಾರೆ ವೈರಿಯ ಮಡಿಲಿಗೆ ಹಾಕಿದ್ದ!

ಬಹುಮಾನದ ಹೊತ್ತಿಗೆ ಕ್ಲಿಫ್ ಮೈಕು ಹಿಡಿದ. ಇನ್ನೊಂದು ಕೈಯಲ್ಲಿ ಗೆದ್ದ ಕಪ್ಪನ್ನು ಎದೆಗವುಚಿಕೊಂಡಿದ್ದ.

"ಈ ಕಪ್ಪು ನಂದಲ್ಲ, ನಮ್ಮ ಭಾವಂದು! ಎದುರಾಳಿ ಅಂತ ನೋಡದೆ ಒಳ್ಳೇ ಹೆಲಿಕ್ಸ್ ನಂಗೆ ಕೊಟ್ಟು, ಕೆಟ್ಟದ್ದನ್ನ ತಾನು ಇಟ್ಕೊಂಡ! ಇಂಥವನ ಕೈಲಿ ಹಿಮ ಬಳಿಸಿದ್ರೆ ನಂಗೆ ಒಳ್ಳೇದಾಗತ್ತಾ? ಪಂದ್ಯ ರದ್ದು! ಈ ವರ್ಷ ಎರಡೂ ಮನೆ ಛಾವಣಿ ನಾನೇ ಬಳೀತೀನಿ!"

ಚಪ್ಪಾಳೆಯೋ ಚಪ್ಪಾಳೆ! ಯಾರೋ ಮುದುಕಿ ಕಣ್ಣೊರೆಸಿಕೊಂಡಳು. ಡ್ಯಾರೆಲ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಸೋತೂ ಗೆದ್ದಿದ್ದ! ಎದೆಯ ಮೇಲೆ ಕೈಯಿಟ್ಟು ಸಂತನ ಮುಖ ಮಾಡಿಕೊಂಡ.

"ಬಿಡು ಕ್ಲಿಫ್, ನಾನೇನು ಮಹಾ ಮಾಡಿದೆ..."

"ಅದನ್ನೇ ಕೇಳ್ಬೇಕು ಅಂತಿದ್ದೆ ರೀ," ಎಂದಳು ಪಕ್ಕದಲ್ಲಿ ನಿಂತಿದ್ದ ಲೋರ್ನಾ, ಬೆಣ್ಣೆಯಂಥ ದನಿಯಲ್ಲಿ, ಮೈಕಿಗೆ ಕೇಳುವಷ್ಟು ಹತ್ತಿರದಿಂದ. "ನನ್ನ ತಮ್ಮಂಗೆ ಅದನ್ನ ಕೊಡುವಾಗ ನಲವತ್ತೆರಡು ಅಂತ ಕೊಟ್ರೋ, ನಲವತ್ತೆಂಟು ಅಂತ ಕೊಟ್ರೋ?"

ಡ್ಯಾರೆಲ್ ಹೆಂಡತಿಯ ಮುಖ ನೋಡಿದ. ಕಪ್ಪು ತಬ್ಬಿಕೊಂಡು ತನ್ನನ್ನೇ ದೇವರಂತೆ ನೋಡುತ್ತಿದ್ದ ಕ್ಲಿಫ್‌ನ ಮುಖ ನೋಡಿದ. ನಾಚಿಕೆ ಪಾದದಿಂದ ಶುರುವಾಗಿ ಕಿವಿಯ ತುದಿಯವರೆಗೆ ಏರಿತು.

"ಕ್ಲಿಫ್," ಎಂದ ಕೊನೆಗೆ, "ನಿಮ್ಮನೆ ಏಣಿ ಎಲ್ಲಿಟ್ಟಿದೀಯಪ್ಪ?"