ಮಧ್ಯಾಹ್ನ ಬರುವ ಆ ಮಹಾನುಭಾವ

ಹೆಂಡತಿಗೆ ಇನ್ನೊಬ್ಬನಿದ್ದಾನೆಂದು ಗಂಡನಾದವನಿಗೆ ತಿಳಿಯುವ ದಾರಿಗಳು ನೂರೆಂಟು ಇರಬಹುದು. ನನಗೆ ತಿಳಿದದ್ದು ತರಕಾರಿ ಬುಟ್ಟಿಯಿಂದ.

ನೇಪಲ್ಸ್‌ನ ನಮ್ಮ ಓಣಿಯಲ್ಲಿ ನಾಲ್ಕನೇ ಮಹಡಿಯಿಂದ ಇಳಿದು ಹತ್ತುವ ಕಷ್ಟ ಯಾರಿಗೆ ಬೇಕು? ಎಲ್ಲರ ಕಿಟಕಿಯಲ್ಲೂ ಹಗ್ಗ ಕಟ್ಟಿದ ಬುಟ್ಟಿಯೊಂದು ಇದ್ದೇ ಇರುತ್ತದೆ. ಮೊನ್ನೆ ಗುರುವಾರ ನಾನು (ಗಾಸ್ಪರೆ, ಕ್ಷೌರಿಕ; ನನ್ನ ತಲೆ ಬೋಳಾಗಿರುವುದು ವೃತ್ತಿಗೇನೂ ಅಡ್ಡಿಯಾಗಿಲ್ಲ) ಮಧ್ಯಾಹ್ನದ ನಿದ್ದೆ ಮುಗಿಸಿ ಅಂಗಡಿ ತೆರೆಯಲು ಬೀದಿಗಿಳಿದರೆ, ನಮ್ಮದೇ ಬುಟ್ಟಿ ಮೇಲಿನಿಂದ ಇಳಿದು ನನ್ನ ಮೂಗಿನ ಮುಂದೆ ನಿಂತಿತು. ಒಳಗೊಂದು ಚೀಟಿ. ನೆಲಮಹಡಿಯ ದೊನ್ನ ಅಸ್ಸುಂತಿನಾಳಿಗೆ ನನ್ನ ಹೆಂಡತಿ ನುನ್ಸಿಯಾ ಬರೆದದ್ದು.

"ಅಕ್ಕಾ, ಇವರು ಮಲಗಿದ್ದೇ ತಡ, ಅವನು ಬಂದ. ಅಮ್ಮನ್ನ ನೆನೆಸ್ಕೊಂಡು ಅತ್ತ. ನನ್ನ ಕೈ ಹಿಡ್ಕೊಂಡು, ನುನ್ಸಿಯಾ, ನಿನ್ನಂಥೋಳು ಇನ್ನೊಬ್ಳಿಲ್ಲ ಅಂದ. ನಂಗೆ ನಗು ತಡ್ಯೋಕಾಗ್ಲಿಲ್ಲ."

ನಗು! ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನೆದುರು ನಕ್ಕದ್ದು ಒಂದೇ ಸಲ, ನಾನು ಮೆಟ್ಟಿಲ ಮೇಲೆ ಜಾರಿ ಬಿದ್ದಾಗ. ಯಾರಿರಬಹುದು? ಕಾಫಿ ಅಂಗಡಿಯ ರಫಾಯೆಲೆಯೇ ಇರಬೇಕು! ಆ ಮೀಸೆಯನ್ನು ವಾರವಾರ ಚೂಪು ಮಾಡಿ ಕಳಿಸುತ್ತಿದ್ದವನು ನಾನೇ ಅಲ್ಲವೇ? ಕಳ್ಳನನ್ನು ಕೈಯಾರೆ ಹಿಡಿಯಬೇಕೆಂದು ಚೀಟಿಯನ್ನು ಮತ್ತೆ ಬುಟ್ಟಿಗೆ ಹಾಕಿ ಅಂಗಡಿಗೆ ನಡೆದೆ.

ಶುಕ್ರವಾರ ಊಟವಾದ ಮೇಲೆ ಹಾಸಿಗೆಯಲ್ಲಿ ಬಿದ್ದುಕೊಂಡು ಗೊರಕೆಯ ನಾಟಕವಾಡಿದೆ. ಕಾಲು ಗಂಟೆಯಾದರೂ ಯಾರೂ ಬರಲಿಲ್ಲ. ನುನ್ಸಿಯಾ ಪಕ್ಕದ ಕುರ್ಚಿಯಲ್ಲಿ ಹೆಣಿಗೆ ಹಿಡಿದು ಕೂತಿದ್ದಳು.

"ಇನ್ನೂ ನಿದ್ದೆ ಬರ್ಲಿಲ್ವೇನ್ರೀ?"

"ಬಂದಿದೆ," ಎಂದೆ ಕಣ್ಣು ಮುಚ್ಚಿಕೊಂಡೇ.

"ಬಂದಿದ್ರೆ ಮಲ್ಕೊಳ್ಳಿ ಮತ್ತೆ. ಹೊತ್ತಾಗ್ತಾ ಇದೆ."

ಹೊತ್ತಾಗುತ್ತಿದೆಯಂತೆ! ಎಂಥಾ ಧೈರ್ಯ ನೋಡಿ! ಕಣ್ಣಲ್ಲಿ ಕಣ್ಣಿಟ್ಟು ಕಾಯುವುದೆಂದು ನಿರ್ಧರಿಸಿದೆ. ಆದರೆ ಮೂರು ಸಲ ಬಡಿಸಿಕೊಂಡ ಹುರುಳಿಕಾಯಿ ಪಾಸ್ತಾದ ಎದುರು ಯಾವ ನಿರ್ಧಾರ ತಾನೇ ನಿಂತೀತು? ಕಣ್ಣು ಬಿಟ್ಟಾಗ ನಾಲ್ಕು ಗಂಟೆ. ನುನ್ಸಿಯಾಳ ಕೆನ್ನೆ ಕೆಂಪಾಗಿತ್ತು. ಬುಟ್ಟಿ ಆಗಲೇ ಕೆಳಗಿಳಿದಿತ್ತು!

ಚಪ್ಪಲಿಯನ್ನೂ ಮೆಟ್ಟದೆ ಓಡಿ ದೊನ್ನ ಅಸ್ಸುಂತಿನಾಳ ಬಾಗಿಲು ತಳ್ಳಿದೆ. ಇಡೀ ಓಣಿಯ ಕನಸುಗಳನ್ನು ಲಾಟರಿ ನಂಬರುಗಳಾಗಿ ಬದಲಿಸಿಕೊಡುವ ಮಹಾವಿದುಷಿ ಆಕೆ. ಕನ್ನಡಕ ಮೂಗಿನ ತುದಿಗಿಟ್ಟುಕೊಂಡು, ಒಂದು ಕೈಯಲ್ಲಿ ನುನ್ಸಿಯಾಳ ಚೀಟಿ, ಇನ್ನೊಂದರಲ್ಲಿ ಕನಸಿಗೊಂದು ನಂಬರು ಹೇಳುವ ಪುಸ್ತಕ ಹಿಡಿದು, "ಅಮ್ಮ ಐವತ್ತೆರಡು, ಅಳು ಅರವತ್ತೈದು, ನಗು ಹತ್ತೊಂಬತ್ತು..." ಎಂದು ಗುನುಗುತ್ತಿದ್ದಳು.

"ಯಾರವನು? ಹೆಸರು ಹೇಳಿ!"

"ಯಾವನು?"

"ಅದೇ, ನಾನು ಮಲಗಿದ್ ಮೇಲೆ ಬರೋನು!"

ಆಕೆ ಕನ್ನಡಕ ತೆಗೆದು ನನ್ನನ್ನು ನಖಶಿಖಾಂತ ನೋಡಿದಳು. "ಅಯ್ಯೋ ನಿನ್ನ! ನೀನೇ ಕಣೋ ಅದು! ನಿದ್ದೇಲಿ ಮಾತಾಡ್ತೀಯಲ್ಲ, ಹನ್ನೊಂದು ವರ್ಷದಿಂದ ನಾವೆಲ್ಲ ಅದಕ್ಕೇ ನಂಬರ್ ಕಟ್ತಿರೋದು. ಎಚ್ಚರ ಇದ್ದಾಗ ಯಾರು ಬೇಕಾದ್ರೂ ವೇಷ ಹಾಕ್ತಾರೆ, ನಿದ್ದೇಲಿ ತಾನೇ ಒಳಗಿರೋನು ಆಚೆ ಬರೋದು!" ಎಂದು ಪುಸ್ತಕದ ಹಾಳೆ ತಿರುವಿ, "ಪೆದ್ದ, ಇಪ್ಪತ್ಮೂರು," ಎಂದು ಅದನ್ನೂ ಬರೆದುಕೊಂಡಳು.

ಅಷ್ಟರಲ್ಲಿ ನುನ್ಸಿಯಾ ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲಿ ನಿಂತಿದ್ದಳು.

"ಹಾಗಾದ್ರೆ ಅವನು ನಾನೇನಾ?" ಎಂದು ಹಿಗ್ಗಿ ಕೇಳಿದೆ.

"ನೀವಾ?" ಅವಳಿಗೆ ಸಿಟ್ಟೇ ಬಂತು. "ಅವನೆಲ್ಲಿ, ನೀವೆಲ್ಲಿ! ಮೀನಿಗೆ ಒಂಚೂರು ಉಪ್ಪು ಜಾಸ್ತಿ ಆದ್ರೆ ನೀವು ತಟ್ಟೆ ತಳ್ತೀರಿ, ಅವನು ಬಂದು ಕ್ಷಮಿಸೇ ಅಂತಾನೆ. ನಿಮ್ಮಮ್ಮ ಹೋದಾಗ ನೀವು ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಅವನು ಪಾಪ, ಇವತ್ತಿಗೂ ಅಳ್ತಾನೆ. ಬಂಗಾರದಂಥಾ ಮನುಷ್ಯ!"

ಹೇಳುವಾಗ ಅವಳ ಮುಖ ನೋಡಬೇಕಿತ್ತು. ಆ ಮುಖವನ್ನು ನಾನು ಮದುವೆಯಾದ ಹೊಸತರಲ್ಲಿ ಕಂಡದ್ದು.

ನನಗೆ ಸಮಾಧಾನವಾಯಿತೆಂದು ನೀವು ತಿಳಿದಿರಬಹುದು. ಎಲ್ಲಿಯ ಸಮಾಧಾನ! ರಫಾಯೆಲೆಯಾಗಿದ್ದರೆ ಅರ್ಧ ಮೀಸೆ ಬೋಳಿಸಿ ಸೇಡು ತೀರಿಸಿಕೊಳ್ಳಬಹುದಿತ್ತು. ಇವನನ್ನು ಏನು ಮಾಡಲಿ? ನಾನು ಉಂಡದ್ದನ್ನೇ ಅರಗಿಸಿಕೊಂಡು, ನನ್ನ ಹಾಸಿಗೆಯಲ್ಲೇ ಮಲಗಿ, ನನ್ನ ಬೋಳುತಲೆಯನ್ನೇ ಇಟ್ಟುಕೊಂಡು ನನ್ನ ಹೆಂಡತಿಯನ್ನು ನಗಿಸುತ್ತಾನೆ! ಅವನಲ್ಲಿರುವ ಯಾವುದು ನನ್ನಲ್ಲಿಲ್ಲ? ಹೊಟ್ಟೆಕಿಚ್ಚಿಗೆ ಅಂದು ಅಂಗಡಿಯಲ್ಲಿ ಇಬ್ಬರು ಗಿರಾಕಿಗಳ ತಲೆಗೂದಲು ಓರೆಕೋರೆ ಕತ್ತರಿಸಿದೆ.

ಶನಿವಾರ ಊಟ ಮುಗಿಯುತ್ತಲೇ ಅವಳ ಕೈ ಹಿಡಿದುಕೊಂಡೆ. ಕಣ್ಣು ತೆರೆದುಕೊಂಡೇ, ಗಂಟಲು ಸರಿಮಾಡಿಕೊಂಡು ಹೇಳಿದೆ: "ನುನ್ಸಿಯಾ, ನಿನ್ನಂಥೋಳು ಇನ್ನೊಬ್ಳಿಲ್ಲ ಕಣೇ."

ಅವಳು ಕೈ ಬಿಡಿಸಿಕೊಂಡು ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಗಡಿಯಾರ ನೋಡಿದಳು.

"ಜ್ವರ ಏನಿಲ್ಲ. ಎರಡು ಗಂಟೆ ಆಯ್ತು, ಬೇಗ ಮಲ್ಕೊಳ್ರೀ," ಎಂದವಳೇ ಕನ್ನಡಿಯ ಮುಂದೆ ಹೋಗಿ ನಿಂತು ತಲೆ ಬಾಚಿಕೊಳ್ಳತೊಡಗಿದಳು.