ಭಾನುವಳ್ಳಿ ವಾಹನಮುಕ್ತ ಸೈಕಲ್ ಪಥದ ಅಭಿವೃದ್ಧಿ

ದಾವಣಗೆರೆ ಹೊಸದಾಗಿ ಜಿಲ್ಲೆಯಾದ ಮರುವರ್ಷ, ಭಾನುವಳ್ಳಿಯಿಂದ ಕುಕ್ಕುವಾಡದ ದಿಕ್ಕಿಗೆ ಹೋಗುವ ಕಾಲುವೆ ಏರಿಯ ಮೇಲೆ ಒಂದು ಗರಸಿನ ದಾರಿ ಇದೆಯೆಂದೂ, ಅದರ ಮೇಲೆ ಯಾವ ವಾಹನವೂ ಓಡಾಡುವುದಿಲ್ಲವೆಂದೂ ಸರ್ಕಾರದ ಗಮನಕ್ಕೆ ಬಂದಿತು. ಅಲ್ಲಿಯವರೆಗೆ ಆ ದಾರಿ ಯಾರ ಮಂಜೂರಾತಿಯೂ ಇಲ್ಲದೆ ನೆಮ್ಮದಿಯಾಗಿತ್ತು.

ಹಾಗೆ ಗಮನಕ್ಕೆ ಬರಲು ಕಾರಣವಾದದ್ದು ಬಕ್ಕೇಶನ ಬಾಯಿ. ಚೌಕಿಪೇಟೆಯಲ್ಲಿ ಅವನದು ಸ್ಟೀಲ್ ಪಾತ್ರೆ ಅಂಗಡಿ. ಹೊಟ್ಟೆ ಕರಗಿಸಲು ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಹೊಸ ಸೈಕಲ್ ಕೊಂಡಿದ್ದ. ಪಿ.ಬಿ. ರೋಡಿನಲ್ಲಿ ಎರಡು ಲಾರಿಗಳ ನಡುವೆ ಒಮ್ಮೆ ಸಿಕ್ಕಿಬಿದ್ದ ಮೇಲೆ, ಹೊಟ್ಟೆ ಇದ್ದರೂ ಬದುಕಬಹುದು ಎಂಬ ತೀರ್ಮಾನಕ್ಕೆ ಬಂದು ಅದನ್ನು ಗೋಡೆಗೆ ಒರಗಿಸಿದ. ದಿನಾ ಅದರ ಮೇಲಿನ ಧೂಳು ಒರೆಸುತ್ತಿದ್ದವಳು ಅವನ ಹೆಂಡತಿ ರೂಪಶ್ರೀ. ಧೂಳು ಒರೆಸುತ್ತ ಒರೆಸುತ್ತ ಅವಳಿಗೆ ಆಸೆ ಹುಟ್ಟಿತು.

ನಲವತ್ತರ ಹತ್ತಿರದ ಹೆಂಗಸು, ಅಂಗಡಿಯವರ ಸೊಸೆ, ಸೀರೆ ಉಟ್ಟು ಚೌಕಿಪೇಟೆಯಲ್ಲಿ ಸೈಕಲ್ ಕಲಿಯುವುದೆಂದರೆ ಇಡೀ ಓಣಿ ಅಂಗಡಿ ಮುಚ್ಚಿ ನೋಡಲು ನಿಂತಂತೆಯೇ. ಹಾಗಾಗಿ ಒಂದು ಭಾನುವಾರ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಗಂಡ ಹೆಂಡತಿ ಭಾನುವಳ್ಳಿಗೆ, ಅವಳ ತವರಿಗೆ ಹೋದರು. ತಾಯಿ ಬಸವಣ್ಣೆಮ್ಮ ವಿಷಯ ಕೇಳಿ ನಗಲಿಲ್ಲ.

"ಕಾಲುವೆ ಏರಿ ಮ್ಯಾಲೆ ಹೋಗು. ಬಿದ್ರೆ ನೋಡೋಕೆ ಬೆಳ್ಳಕ್ಕಿ ಬಿಟ್ರೆ ಯಾರೂ ಇರಂಗಿಲ್ಲ," ಅಂದಳು.

ರೂಪಶ್ರೀ ಬಿದ್ದಳು. ಜಾಲಿ ಗಿಡದ ಮೇಲೆ ಬಿದ್ದಳು, ಗರಸಿನ ಮೇಲೆ ಬಿದ್ದಳು, ಒಮ್ಮೆ ಗಂಡನ ಮೇಲೂ ಬಿದ್ದಳು. ಬೆಳ್ಳಕ್ಕಿಗಳು ಒಂದು ಕಾಲಿನಲ್ಲಿ ನಿಂತು ನೋಡಿದವು, ಏನೂ ಅನ್ನಲಿಲ್ಲ. ಕೆಲವು ಭಾನುವಾರ ಕಳೆಯುವಷ್ಟರಲ್ಲಿ ಮೊದಲನೇ ಕೆರೆಯ ತನಕ ಒಬ್ಬಳೇ ಹೋದಳು. ಆಮೇಲೆ ಕುರುಚಲು ಕಾಡಿನೊಳಗೆ, ನವಿಲು ಕೂಗುವ ತಿರುವಿನ ತನಕ. ಗಾಲಿಯ ಕೆಳಗೆ ಗರಸು ಚರಚರ ಅನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಅಡ್ಡ ಬರುವವರು ಯಾರೂ ಇಲ್ಲದಿದ್ದರೂ ಅವಳು ಸುಮ್ಮಸುಮ್ಮನೆ ಬೆಲ್ ಬಾರಿಸುತ್ತಿದ್ದಳು. ಹಿಂದೆ ಓಡುತ್ತಿದ್ದ ಬಕ್ಕೇಶನ ಹೊಟ್ಟೆ ಕರಗತೊಡಗಿತು.

ಈ ಸಂತೋಷವನ್ನು ಅವನು ಅಂಗಡಿಗೆ ಡಬರಿ ಕೊಳ್ಳಲು ಬಂದ ಮುರುಗೇಶಪ್ಪನವರ ಮುಂದೆ ಹೇಳಿಕೊಂಡ. ಮುರುಗೇಶಪ್ಪನವರು ಹೊಸ ಜಿಲ್ಲೆಯ ವಿಹಾರ ಪಥ ವಿಭಾಗದ ವಿಶೇಷಾಧಿಕಾರಿ. ವಿಭಾಗಕ್ಕೆ ಕುರ್ಚಿ, ಜೀಪು, ಟ್ರ್ಯಾಕ್ಟರು, ಸಿಬ್ಬಂದಿ ಎಲ್ಲವೂ ಬಂದಿದ್ದು ಪಥ ಮಾತ್ರ ಬಂದಿರಲಿಲ್ಲ.

"ವಾಹನ ಇಲ್ದ ದಾರೀನಾ? ತಾನಾಗೇ ಐತಾ?" ಎಂದು ಅವರು ಡಬರಿ ಕೆಳಗಿಟ್ಟರು. "ಯಾರು ಪರ್ಮಿಷನ್ ಕೊಟ್ರು ಅದಕ್ಕೆ?"

ತಿಂಗಳೊಳಗೆ ಪ್ರಕಟಣೆ ಹೊರಬಿತ್ತು:

"ಸಾರ್ವಜನಿಕರ ಅವಗಾಹನೆಗೆ ತರುವುದೇನೆಂದರೆ, ಭಾನುವಳ್ಳಿ ಕಾಲುವೆ ಏರಿಯ ದಾರಿಯನ್ನು ವಾಹನಮುಕ್ತ ಸೈಕಲ್ ಪಥವೆಂದು ಘೋಷಿಸಲಾಗಿದೆ. ಇದುವರೆಗೆ ಸದರಿ ದಾರಿಯಲ್ಲಿ ವಾಹನಗಳು ಸಂಚರಿಸದೇ ಇದ್ದುದು ಅನಧಿಕೃತವಾಗಿದ್ದು, ಇನ್ನು ಮುಂದೆ ಅಧಿಕೃತವಾಗಿ ಸಂಚರಿಸತಕ್ಕದ್ದಲ್ಲ."

ಉದ್ಘಾಟನೆಗೆ ಜೀಪುಗಳೂ ಅಂಬಾಸಿಡರ್ ಕಾರುಗಳೂ ಏರಿಯ ಉದ್ದಕ್ಕೂ ಬಂದು ನಿಂತವು. ಮುಂದಿನವು ಹಿಂದೆ ಬರಲಾಗದೆ, ಹಿಂದಿನವು ಮುಂದೆ ಹೋಗಲಾಗದೆ ಸಂಜೆಯ ತನಕ ಹಾರ್ನ್ ಹಾಕಿದವು. ವಾಹನಮುಕ್ತ ಪಥದ ಅಗತ್ಯ ಎಷ್ಟಿದೆ ಎಂಬುದಕ್ಕೆ ಇದೇ ಸಾಕ್ಷಿ ಎಂದು ಭಾಷಣಕಾರರೆಲ್ಲ ಒಪ್ಪಿದರು.

ಮುಂದಿನ ಭಾನುವಾರ ರೂಪಶ್ರೀ ಹೋದಾಗ ಏರಿಗೆ ಅಡ್ಡಲಾಗಿ ಬಿದಿರು ಕಟ್ಟಲಾಗಿತ್ತು. ಕಾವಲಿಗೆ ನೇಮಕವಾಗಿದ್ದ ಹುಲಿಯಪ್ಪ ಹೊಸ ಖಾಕಿ ತೊಟ್ಟು ಸೀಟಿ ಊದಿದ.

"ಅಕ್ಕಾರೆ, ಇಳೀರಿ. ಇದು ವಾಹನಮುಕ್ತ."

"ಅದಕ್ಕೇ ಸೈಕಲ್ ತಂದೀನಪ್ಪಾ."

"ಸೈಕಲ್ಲೂ ವಾಹನಾನೇ ಐತಲ್ರಿ. ಗಾಲಿ ಐತೆ, ಹ್ಯಾಂಡಲ್ ಐತೆ, ಬೆಲ್ ಬ್ಯಾರೆ ಐತೆ."

"ಬೋರ್ಡಿನಾಗೆ ಸೈಕಲ್ ಪಥ ಅಂತ ಬರ್ದೈತಲ್ಲ?"

"ಪಥ ಸೈಕಲ್ಲಿಂದೇ ರೀ. ಸವಾರಿ ಬ್ಯಾಡ ಅಂದಾರೆ ಅಷ್ಟೇ."

ಹುಲಿಯಪ್ಪನ ಮುಖದಲ್ಲಿ ಕೊಂಕಿರಲಿಲ್ಲ. ಅವನಿಗೆ ಹಾಗೆ ಹೇಳಲು ಹೇಳಿದ್ದರು. ಬಿದಿರಿನ ಆಚೆ ಕೆರೆ ಹೊಳೆಯುತ್ತಿತ್ತು. ರೂಪಶ್ರೀ ಸೈಕಲ್ ತಿರುಗಿಸಿದಳು. ಮನೆಗೆ ಬಂದು ಅವಳು ಅಳಲಿಲ್ಲ. ಬಕ್ಕೇಶನ ಮುಖ ನೋಡಿದಳು, ಅಷ್ಟೇ. ಅವನು ಮಾರನೇ ದಿನ ಅಂಗಡಿ ಬಾಗಿಲು ಅರ್ಧ ಎಳೆದು ಅವಳನ್ನು ಮುರುಗೇಶಪ್ಪನವರ ಕಚೇರಿಗೆ ಕರೆದುಕೊಂಡು ಹೋದ.

"ಕೂಡ್ರಿ, ಕೂಡ್ರಿ," ಎಂದರು ಮುರುಗೇಶಪ್ಪನವರು. ದೂರು ಕೇಳಿಸಿಕೊಂಡು ಫ್ಯಾನಿನ ವೇಗ ಹೆಚ್ಚಿಸಿದರು. "ತಾಯೀ, ನಿಮ್ಮ ಬೇಡಿಕೆ ನ್ಯಾಯವಾಗೈತೆ. ಅದೇ ತೊಂದ್ರೆ. ಅನ್ಯಾಯದ್ದಾಗಿದ್ರೆ ಇವತ್ತೇ ಮಾಡಿಕೊಡಬಹುದಿತ್ತು."

"ನಾನು ಕೇಳ್ತಿರೋದು ಸೈಕಲ್ ದಾರಿಯಾಗೆ ಸೈಕಲ್ ತುಳಿಯಾಕೆ ಬಿಡ್ರಿ ಅಂತ."

"ತುಳೀರಿ! ತುಳಿಯೋದಕ್ಕೆ ಯಾವ ಅಡ್ಡೀನೂ ಇಲ್ಲ. ಸೈಕಲ್ಲು ಚಲಿಸಬಾರದು, ಅಷ್ಟೇ."

ಈ ಸೂಕ್ಷ್ಮವನ್ನು ಆಧರಿಸಿ ವಿಭಾಗವು ಒಂದು ವ್ಯವಸ್ಥೆ ಮಾಡಿತು. ಟ್ರೇಲರಿನ ಮೇಲೆ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸತಕ್ಕದ್ದು; ಸವಾರರು ಅದರ ಮೇಲೆ ಕುಳಿತು ಇಷ್ಟಬಂದಷ್ಟು ತುಳಿಯತಕ್ಕದ್ದು; ಟ್ರೇಲರನ್ನು ವಿಭಾಗದ ಟ್ರ್ಯಾಕ್ಟರು ಎಳೆಯತಕ್ಕದ್ದು. ಟ್ರ್ಯಾಕ್ಟರು ವಾಹನವಲ್ಲವೇ ಎಂದು ಬಕ್ಕೇಶ ಕೇಳಿದ್ದಕ್ಕೆ, ಅದರ ಮುಂದೆ 'ಸರ್ಕಾರಿ ಕರ್ತವ್ಯ' ಎಂಬ ಫಲಕ ಇರುವುದರಿಂದ ಅದು ಕರ್ತವ್ಯವೆಂದು ಉತ್ತರ ಬಂತು.

ರೂಪಶ್ರೀ ಟ್ರೇಲರ್ ಹತ್ತಿದಳು. ಸೈಕಲ್ ಏರಿದಳು. ಟ್ರ್ಯಾಕ್ಟರು ಗುಡುಗುಡು ಹೊರಟಿತು. ಅವಳು ಜೋರಾಗಿ ತುಳಿದರೂ, ಸುಮ್ಮನೆ ಕೂತರೂ ಕೆರೆ ಒಂದೇ ವೇಗದಲ್ಲಿ ಹಿಂದೆ ಸರಿಯಿತು. ಬೆಳ್ಳಕ್ಕಿಗಳು ಸದ್ದಿಗೆ ಹಾರಿಹೋದವು. ಪಕ್ಕದಲ್ಲಿ ನಡೆಯುತ್ತಿದ್ದ ಬಕ್ಕೇಶ, "ಹೆಂಗೈತೆ?" ಎಂದು ಕೂಗಿ ಕೇಳಿದ. "ಮದುವೆ ಮೆರವಣಿಗೆ ಆದಂಗೈತೆ," ಎಂದು ಅವಳೂ ಕೂಗಿ ಹೇಳಿದಳು. ನಗು ಬಂತು, ಆದರೆ ತುಳಿಯುತ್ತಿದ್ದ ಕಾಲುಗಳಿಗೆ ನಗು ಬರಲಿಲ್ಲ.

ಆಮೇಲಿನದೆಲ್ಲ ಕ್ರಮಬದ್ಧವಾಗಿ ನಡೆಯಿತು. ಟ್ರ್ಯಾಕ್ಟರಿನ ಗಾಲಿಗೆ ಗರಸು ಎದ್ದು ಧೂಳಾಗುತ್ತದೆಂದು ಪಥಕ್ಕೆ ಡಾಂಬರು ಬಿತ್ತು. ಡಾಂಬರಿನ ಗುತ್ತಿಗೆ ಮುರುಗೇಶಪ್ಪನವರ ಭಾಮೈದನಿಗೆ ಸಿಕ್ಕಿತು. ಅರ್ಜಿ ಹಾಕಿದವನು ಅವನೊಬ್ಬನೇ, ಏಕೆಂದರೆ ವಿಷಯ ಗೊತ್ತಿದ್ದವನೂ ಅವನೊಬ್ಬನೇ. 'ಸರ್ಕಾರಿ ಕರ್ತವ್ಯ' ಫಲಕಗಳನ್ನು ಅವನೇ ಬರೆಸಿ, ಬೇಕಾದವರಿಗೆ ಮಾರತೊಡಗಿದ. ಕಬ್ಬಿನ ಲಾರಿಗಳು ಕರ್ತವ್ಯವಾದವು. ಭತ್ತದ ಲಾರಿಗಳು ಕರ್ತವ್ಯವಾದವು. ಕಡೆಗೆ ಹರಿಹರದ ಬಸ್ಸೂ, ಕೆರೆ ಬಳಸಿ ಕಾಡಿನಲ್ಲಿ ಸುತ್ತಿ ಹೋಗುವ ತನ್ನ ಹಳೇ ರಸ್ತೆಯನ್ನು ಬಿಟ್ಟು ಈ ನುಣುಪಾದ ಪಥದಲ್ಲೇ ಓಡಾಡಲು ಶುರುಮಾಡಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, "ವಾಹನಮುಕ್ತ, ವಾಹನಮುಕ್ತ! ಯಾರ್ರೀ ಇಳಿಯೋರು?" ಎಂದು ಕೂಗುತ್ತಿದ್ದ.

ಎರಡು ಮಳೆಗಾಲ ಕಳೆದವು. ಅಷ್ಟು ಟ್ರಾಫಿಕ್ಕಿನಲ್ಲಿ ಟ್ರೇಲರ್ ಸವಾರಿ ಅಪಾಯವೆಂದು ಅದೂ ನಿಂತಿತ್ತು. ಒಂದು ಬೆಳಿಗ್ಗೆ ತವರಿನ ಅಂಗಳದಲ್ಲಿ ರೂಪಶ್ರೀ ಸೈಕಲ್ ಒರೆಸುತ್ತ ಕೂತಿದ್ದನ್ನು ನೋಡಲಾರದೆ ಬಸವಣ್ಣೆಮ್ಮ ಬೈದಳು.

"ಅದ್ಯಾಕ ಒರೆಸ್ತೀಯ? ಹಳೇ ಬಸ್ ರಸ್ತೆ ಬಿಕೋ ಅಂತೈತೆ. ಬಸ್ಸಿಲ್ಲ, ಗಾಡಿಯಿಲ್ಲ, ಡಾಂಬರೂ ಕಿತ್ತೋಗೈತೆ. ಅಲ್ಲಿ ಹೋಗಿ ತುಳಿ."

ಅವಳು ಹೋಗಿ ನೋಡಿದಳು. ಮಳೆಗೆ ಡಾಂಬರು ಕೊಚ್ಚಿಹೋಗಿ ಅಡಿಯ ಗರಸು ಮೇಲೆ ಬಂದಿತ್ತು. ಎರಡೂ ಬದಿಯ ಹೊಂಗೆ ಮರಗಳು ಕೈ ಕೈ ಹಿಡಿದಿದ್ದವು. ಎಡಕ್ಕೆ ಕೆರೆ, ಅದರಾಚೆ ಕಾಡು, ಕೆರೆಯ ಅಂಚಿನಲ್ಲಿ ಕಾಲುವೆ ಕಡೆಯಿಂದ ಎದ್ದು ಬಂದಿದ್ದ ಬೆಳ್ಳಕ್ಕಿಗಳು. ಅವಳು ಸೆರಗು ಸಿಕ್ಕಿಸಿಕೊಂಡು ಏರಿದಳು. ಮೊದಲು ಗಾಲಿ ತಡವರಿಸಿತು. ಆಮೇಲೆ ಚರಚರ ಸದ್ದು ಶುರುವಾಯಿತು. ಅವಳು ತುಳಿದಷ್ಟು ದಾರಿ ಸರಿಯಿತು, ನಿಲ್ಲಿಸಿದಾಗ ನಿಂತಿತು. "ಲೇ, ನಿಧಾನ!" ಎಂದು ಕೂಗುತ್ತ ಬಕ್ಕೇಶ ಓಡಿದ. ಅವಳು ಆಗಲೇ ತಿರುವಿನಾಚೆ ಹೋಗಿಬಿಟ್ಟಿದ್ದಳು.

ಕ್ರಮೇಣ ಊರಿನ ಇತರ ಹೆಂಗಸರೂ ಬಂದರು. ಹಾಲಿನ ಕ್ಯಾನು ಕಟ್ಟಿಕೊಂಡು ಒಬ್ಬಳು, ಗಂಡನಿಗೆ ಬುತ್ತಿ ಒಯ್ಯಲು ಇನ್ನೊಬ್ಬಳು. ಕಲಿಸುವವಳು ರೂಪಶ್ರೀ. ಅವಳಿಗೆ ಒಂದೇ ಭಯ: ಮತ್ತೆ ಯಾರಾದರೂ ಗಮನಿಸಿಬಿಟ್ಟರೆ?

ಗಮನಿಸಿದರು. ವಾರ್ಷಿಕ ತಪಾಸಣೆಗೆ ಬಂದ ಮುರುಗೇಶಪ್ಪನವರು ಬಸವಣ್ಣೆಮ್ಮನ ಜಗುಲಿಯಲ್ಲಿ ಮಜ್ಜಿಗೆ ಕುಡಿಯುತ್ತ ಕೇಳಿದರು: "ಆ ಹಳೇ ರಸ್ತೆ ಹೆಂಗೈತಮ್ಮಾ? ಖಾಲಿ ಐತಂತೆ?"

ಬಕ್ಕೇಶ ಬಾಯಿ ತೆರೆದ. ರೂಪಶ್ರೀ ಅವನ ಕೈಗೆ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟಳು.

"ಖಾಲಿ ಎಲ್ಲೈತೆ ಸಾರ್?" ಎಂದಳು. "ಅಲ್ಲಿ ಕಾಲಿಡೋಕೆ ಆಗಲ್ಲ. ವಿಪರೀತ ಟ್ರಾಫಿಕ್ಕು."

"ಹೌದಾ?" ಮುರುಗೇಶಪ್ಪನವರ ಮುಖ ಬಾಡಿತು. "ಹಂಗಾದ್ರೆ ಅದು ನಮ್ಮ ವ್ಯಾಪ್ತಿಗೆ ಬರಂಗಿಲ್ಲ ಬಿಡ್ರಿ. ಆದರೂ ಜನರ ಸುರಕ್ಷತೆ ನೋಡಬೇಕಲ್ಲ."

ಹದಿನೈದು ದಿನದಲ್ಲಿ ಹಳೇ ರಸ್ತೆಯ ಎರಡೂ ತುದಿಗೆ ಫಲಕಗಳು ಬಂದವು: 'ಎಚ್ಚರಿಕೆ! ಭಾರೀ ವಾಹನ ಸಂಚಾರ. ಪರ್ಯಾಯ ಮಾರ್ಗವಾಗಿ ವಾಹನಮುಕ್ತ ಪಥವನ್ನು ಬಳಸಿರಿ.' ಅಪ್ಪಿತಪ್ಪಿ ಅತ್ತ ಬರುತ್ತಿದ್ದ ಒಂದೆರಡು ಆಟೋಗಳೂ ಅದನ್ನೋದಿ ಹೆದರಿ ಹಿಂದಿರುಗಿದವು. ಭಾನುವಳ್ಳಿಯಲ್ಲಿ ಈಗ ಯಾರಿಗೂ ಗೊಂದಲವಿಲ್ಲ. ಲಾರಿ ಹಿಡಿಯುವವರು ವಾಹನಮುಕ್ತಕ್ಕೆ ಹೋಗುತ್ತಾರೆ, ಸೈಕಲ್ ಕಲಿಯುವವರು ಭಾರೀ ವಾಹನಕ್ಕೆ ಹೋಗುತ್ತಾರೆ.

ಸಂಚಾರ ದಟ್ಟಣೆಯನ್ನು ನಿಯಂತ್ರಿಸಲು ಹುಲಿಯಪ್ಪನನ್ನು ಹಳೇ ರಸ್ತೆಗೆ ವರ್ಗ ಮಾಡಲಾಯಿತು. ರೂಪಶ್ರೀ ದೂರದಲ್ಲಿ ಕಂಡರೆ ಅವನು ಎದ್ದು ನಿಂತು ಸೀಟಿ ಊದಿ, ರಸ್ತೆಯಲ್ಲಿದ್ದ ಎಮ್ಮೆಯನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, "ಬರ್ರಿ ಅಕ್ಕಾರೆ, ಬರ್ರಿ," ಎಂದು ಅವಳನ್ನು ದಾಟಿಸುತ್ತಾನೆ. ಕೆಲಸ ಹೆಂಗೈತಪ್ಪಾ ಎಂದು ಬಸವಣ್ಣೆಮ್ಮ ಕೇಳಿದರೆ, "ಉಸಿರಾಡೋಕೂ ಪುರುಸೊತ್ತಿಲ್ಲವ್ವಾ," ಎಂದು ಹೊಂಗೆ ನೆರಳಿನಲ್ಲಿ ಟವೆಲ್ ಹಾಸಿ ಮಲಗುತ್ತಾನೆ.