ಪೆಟ್ಟಿಗೆಯ ಪರವಾಗಿ ವಾದಿಸಿದ್ದು

ಚರ್ಚಾಸ್ಪರ್ಧೆಗಳಲ್ಲಿ ಪಳಗಿದವರಿಗೆ ಒಂದು ಕಾಯಿಲೆ ಇರುತ್ತದೆ. ಎದುರಿಗಿದ್ದವರು ‘ಇವತ್ತು ಸೆಕೆ’ ಎಂದರೂ ಸಾಕು, ನಾವು ವಿರೋಧ ಪಕ್ಷಕ್ಕೆ ಹೋಗಿ ಕೂತುಬಿಡುತ್ತೇವೆ. ಕಾಲೇಜಿನಲ್ಲಿ ನನಗೆ ಆರು ಕಪ್ ಬಂದಿವೆ. ವಾದ ಗೆಲ್ಲುವುದು ಹೇಗೆಂದು ಕಲಿಸಿದ ಮೇಷ್ಟ್ರು, ಗೆದ್ದ ಮೇಲೆ ಅದೇ ಮನೆಯಲ್ಲಿ ಊಟ ಮಾಡುವುದು ಹೇಗೆಂದು ಮಾತ್ರ ಹೇಳಿಕೊಡಲಿಲ್ಲ.

ನಮ್ಮ ಡಾಲಸ್ ಕಡೆ ಯಾರಾದರೂ ರಸ್ತೆಯಲ್ಲಿ ನಡೆಯುತ್ತಿದ್ದರೆ ಅವರ ಕಾರು ಕೆಟ್ಟಿದೆ ಎಂದೇ ಅರ್ಥ. ಟ್ರೆಡ್‌ಮಿಲ್ ಮೇಲೆ ನಡೆಯಲು ನಾವು ಜಿಮ್ಮಿಗೆ ಡ್ರೈವ್ ಮಾಡುವ ಜನ. ಇಂಥ ಊರಿನಲ್ಲಿ ಒಂದು ಭಾನುವಾರ, ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ ಹುಬ್ಬಳ್ಳಿಯ ಶೋಭಾ ಆಂಟಿ ಘೋಷಿಸಿದರು: ಇಟಲಿಗೆ ಹೋಗಿ ಮೆಡಿಟರೇನಿಯನ್ ದಡದಲ್ಲಿ ಐದು ದಿನ ನಡೆಯುವುದು. ಊರಿಂದೂರಿಗೆ ನಾವು ಕಾಲ್ನಡಿಗೆಯಲ್ಲಿ, ನಮ್ಮ ಪೆಟ್ಟಿಗೆಗಳು ವ್ಯಾನಿನಲ್ಲಿ. ಧಾರವಾಡದವಳಾದ ನನ್ನ ಹೆಂಡತಿ ಕಾವ್ಯಾ ಕೋಸಂಬರಿ ಬಡಿಸುವ ಚಮಚವನ್ನು ಎತ್ತಿ ಹಿಡಿದು, “ನಾವೂ ಬರ್ತೀವ್ರಿ ಆಂಟಿ” ಎಂದಳು. ಮದುವೆಯಾದ ಮೂರು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ಪ್ರವಾಸ ಅದು.

ನಾನು ಎದ್ದು ನಿಂತೆ. ನಿಲ್ಲಬಾರದಿತ್ತು. ಸಮುದ್ರವೇ ಬೇಕಿದ್ದರೆ ಹ್ಯೂಸ್ಟನ್ ಆಚೆ ಗ್ಯಾಲ್ವೆಸ್ಟನ್ ಇದೆ, ಕಾರಿನ ಬಾಗಿಲು ತೆಗೆದರೆ ಮರಳು ಎಂದೆ. ಸಮುದ್ರ ನೋಡಿದರೆ ಮನಸ್ಸು ವಿಶಾಲವಾಗುತ್ತದೆ ಎನ್ನುವುದು ಸುಳ್ಳು, ಹಾಗಿದ್ದರೆ ಬೆಸ್ತರೆಲ್ಲ ಸಂತರಾಗಬೇಕಿತ್ತು ಎಂದೆ. ಕೊನೆಗೆ, “ಪೆಟ್ಟಿಗೆ ಎಸಿಯಲ್ಲಿ ಆರಾಮಾಗಿ ಕೂತು ಹೋಗುತ್ತೆ, ಅದರ ಯಜಮಾನ ಬಿಸಿಲಲ್ಲಿ ಗುಡ್ಡ ಹತ್ತುತ್ತಾನೆ. ಇಬ್ಬರಲ್ಲಿ ಬುದ್ಧಿ ಯಾರಿಗಿದೆ ಹೇಳಿ?” ಎಂದು ಮುಗಿಸಿದೆ. ಅಂಕಲ್‌ಗಳೆಲ್ಲ ಚಪ್ಪಾಳೆ ತಟ್ಟಿದರು.

“ಮುಗೀತೇನಪಾ ಭಾಷಣ? ಬಿಸಿಬೇಳೆಬಾತ್ ಆರಾಕತ್ತೈತಿ” ಎಂದರು ಆಂಟಿ.

ಮನೆ ಮುಟ್ಟಿ ಕಾರಿನಿಂದ ಇಳಿಯುವಾಗ ಕಾವ್ಯಾ, “ನೀ ಗೆದ್ದಿ ಬಿಡು. ನಾ ಆಂಟಿ ಜೋಡಿ ಹೋಗ್ತೀನಿ” ಎಂದಳು. ಎರಡು ದಿನ ಬೆಪ್ಪನಂತೆ ಓಡಾಡಿ, ಮೂರನೆಯ ದಿನ ನಾನೂ ಬರುತ್ತೇನೆಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಬಾ. ಆದ್ರ ಐದೂ ದಿನ ನನ್ನ ಬಾಜೂಕ್ಕ ನಡೀಬೇಕು. ಅರ್ಧಕ್ಕ ಕೂತ್ರ ನಡಿಯಂಗಿಲ್ಲ.” ಒಪ್ಪಿದೆ.

ಅಭ್ಯಾಸಕ್ಕೆ ಗುಡ್ಡ ಬೇಕು. ಡಾಲಸ್‌ನ ನೆಲ ಕಾವಲಿಯ ಹಾಗೆ ಚಪ್ಪಟೆ. ಲಾಸ್ ಕೊಲಿನಾಸ್‌ನ ನಮ್ಮ ಆಫೀಸಿಗೆ ಆರು ಅಂತಸ್ತಿನ ಪಾರ್ಕಿಂಗ್ ಕಟ್ಟಡವಿದೆ. ಕಾರು ಹತ್ತುವ ಇಳಿಜಾರೇ ನನ್ನ ಗುಡ್ಡವಾಯಿತು. ದಿನಾ ಸಂಜೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ಹತ್ತುತ್ತಿದ್ದೆ. ಕಾವಲಿನವನು ಅಡ್ಡಹಾಕಿ, ನಿನ್ನ ಕಾರೆಲ್ಲಿ ಎಂದು ಕೇಳಿದ. ಕಾರು ಕೆಳಗಿದೆ, ನಾನು ಸುಮ್ಮನೆ ಮೇಲೆ ಹೋಗುತ್ತಿದ್ದೇನೆ ಎಂದೆ. ಮರುದಿನದಿಂದ ಅವನು ನನ್ನ ಜೊತೆ ಮೆಲ್ಲಗೆ, ಪ್ರೀತಿಯಿಂದ ಮಾತಾಡತೊಡಗಿದ. ತುದಿ ಮುಟ್ಟಿದ ಮೇಲೆ ನಾನು ಲಿಫ್ಟಿನಲ್ಲಿ ಇಳಿದು ಮತ್ತೆ ಹತ್ತುತ್ತಿದ್ದೆ. ಇಳಿಯುವ ಕೆಲಸವನ್ನು ಭೂಮಿಯೇ ಮಾಡಿಕೊಡುವಾಗ ಅದಕ್ಕೂ ತಾಲೀಮು ಏಕೆ? ತರ್ಕದಲ್ಲಿ ಒಂದು ಬಿರುಕೂ ಕಾಣಲಿಲ್ಲ.

ಇಟಲಿಯಲ್ಲಿ ಮೊದಲ ಎರಡು ದಿನ ಬರೀ ಏರು. ಆಲಿವ್ ಮರಗಳ ನಡುವೆ ನಾನು ಮೇಕೆಯಂತೆ ಹತ್ತಿದೆ. “ಅಡ್ಡಿಯಿಲ್ಲ ನೀ” ಎಂದು ಕಾವ್ಯಾ ನನ್ನ ಕೈಗೆ ಅರ್ಧ ಕಿತ್ತಳೆ ಕೊಟ್ಟಳು. ಆರು ಕಪ್ಪಿಗಿಂತ ಅದು ದೊಡ್ಡದಾಗಿತ್ತು ಎಂದು ಇಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ. ಸಮುದ್ರ ನೋಡಿ ಮನಸ್ಸೂ ಕೊಂಚ ವಿಶಾಲವಾದಂತೆ ಅನ್ನಿಸಿತು, ಬಾಯಿಬಿಡಲಿಲ್ಲ.

ಮೂರನೆಯ ದಿನ ಇಳಿಜಾರು ಶುರುವಾಯಿತು. ಕೆಳಗೆ ಕಾಣುವ ನೀಲಿ ನೀರಿನವರೆಗೂ ಕಲ್ಲಿನ ಮೆಟ್ಟಿಲು. ಅರ್ಧ ಗಂಟೆಯಲ್ಲಿ ನನ್ನ ಮೊಣಕಾಲುಗಳು ನಡುಗಿ, ಆಮೇಲೆ ಸಂಪೂರ್ಣ ಅಸಹಕಾರ ಹೂಡಿದವು. ಕೂತೆ.

“ಹತ್ತೂದು ಅಷ್ಟ ಚೊಲೋ ಹತ್ತಿದಿ, ಇಳಿಯೂದು ಕಲೀಲಿಲ್ಲೇನು?” ಎಂದಳು ಕಾವ್ಯಾ.

“ಅಲ್ಲಿ ಲಿಫ್ಟ್ ಇತ್ತು” ಎಂದೆ.

ಶೋಭಾ ಆಂಟಿ ನಗುತ್ತಾ ನಗುತ್ತಾ ಗೋಡೆ ಹಿಡಿದು ನಿಂತರು. ಕಾವ್ಯಾ ನಗಲಿಲ್ಲ. ನನ್ನ ತೋಳು ಹಿಡಿದು ರಸ್ತೆಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ವ್ಯಾನಿಗೆ ಫೋನ್ ಮಾಡಿ, ಉಳಿದ ದಾರಿ ನಡೆಯಲು ಆಂಟಿಯ ಜೋಡಿ ಹೊರಟಳು.

ಮಿಕ್ಕ ಎರಡೂವರೆ ದಿನ ನಾನು ಪೆಟ್ಟಿಗೆಗಳ ನಡುವೆ, ಎಸಿಯಲ್ಲಿ, ಮೆಡಿಟರೇನಿಯನ್ ದಡದ ಸುರಂಗಗಳ ಕತ್ತಲೆಯನ್ನು ನೋಡುತ್ತಾ ಪ್ರಯಾಣ ಮಾಡಿದೆ. ಕಾವ್ಯಾಳ ಮೆಸೇಜು ಬಂತು: ‘ಏನಂತದ ಪೆಟ್ಟಿಗಿ?’ ತಿರುವು ಬಂದಾಗಲೆಲ್ಲ ಆಂಟಿಯ ದೊಡ್ಡ ಪೆಟ್ಟಿಗೆ ಜಾರಿ ಬಂದು ನನ್ನ ತೊಡೆಯ ಮೇಲೆ ಕೂರುತ್ತಿತ್ತು. ಪಕ್ಕಕ್ಕೆ ಸರಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಬುದ್ಧಿ ಅದಕ್ಕೇ ಹೆಚ್ಚು ಎಂದು ಅಷ್ಟು ಜನರ ಮುಂದೆ ಸಾಧಿಸಿ ತೋರಿಸಿದವನೇ ನಾನು; ಈಗ ಯಾವ ಬಾಯಲ್ಲಿ ಎದುರುವಾದ ಹೂಡಲಿ?